ಸಾಲೊಮನ್ ಲಿಂಡಾ ಮತ್ತು ಆತನ ಸಿಂಹಗೀತ

ಹೊಲ, ಮನೆ, ಒಡವೆಗಳನ್ನು ಅಪಹರಿಸಿದವನನ್ನು ನ್ಯಾಯಸ್ಥಾನಕ್ಕೆ ಎಳೆಯಲು ಎಲ್ಲ ದೇಶಗಳಲ್ಲಿಯೂ ಕಾಯಿದೆಗಳುಂಟು. ಬಡವನೊಬ್ಬನ ಕಂಠದಿಂದ ಹೊರಟ ರಾಗವನ್ನು ಅಪಹರಿಸಿದರೆ ಕೇಳುವವರಾರು? ಆಳುವ ಜನಾಂಗವು ಆಳಿಸಿಕೊಳ್ಳುವವರ ನೆಲವನ್ನು ಕಸಿದುಕೊಳ್ಳುವುದರಲ್ಲಿಯೇ ತೃಪ್ತಿಪಡದೆ, ಅವರ ಹಾಡು, ಕುಣಿತ, ಕಥೆಗಳನ್ನೂ ತನ್ನ ಹೆಸರಿಗೆ ಬರೆದುಕೊಳ್ಳುವ ಬಗೆ ಎಂತಹುದೆಂಬುದನ್ನೂ, ಹಾಗೆ ಹೋದುದನ್ನು ಮರಳಿ ಪಡೆಯುವ ಬಗೆ ಎಂತಹುದೆಂಬುದನ್ನೂ ತಿಳಿಯಬಯಸುವವರು ದಕ್ಷಿಣ ಆಫ್ರಿಕದ ಗಾಯಕ ಸಾಲೊಮನ್ ಲಿಂಡಾನ ಚರಿತ್ರೆಯನ್ನು ನೋಡಬೇಕು. ಇಂದು ಆತನ ಹೆಸರು ಪ್ರಸಿದ್ಧವಾಗಿದೆ. ಆತನು ಬದುಕಿದ್ದಾಗ ಲೋಕವೆಲ್ಲ ಹಬ್ಬಿದ್ದುದು ಹಾಡು ಮಾತ್ರ, ಹೆಸರಲ್ಲ.

ಲಿಂಡಾ 1909ರಲ್ಲಿ ನಟಾಲ್ ಪ್ರಾಂತದ ಪೊಮೆರಾಯ್ ಎಂಬ ಊರಿನ ಸಮೀಪದಲ್ಲಿ ಜುಲು ಜನಾಂಗದಲ್ಲಿ ಹುಟ್ಟಿದನು. ಮಹಾತ್ಮಾ ಗಾಂಧಿಯವರು 1893ರಲ್ಲಿ ಕಾಲಿಟ್ಟ ನಟಾಲ್ ಇದೇ. ಲಿಂಡಾ ಇನ್ನೂ ಕೂಸಾಗಿದ್ದಾಗ, 1913ರಲ್ಲಿ, ದೇಶದ ಭೂಮಿಯಲ್ಲಿ ಸುಮಾರು ನೂರಕ್ಕೆ 7 ಪಾಲನ್ನು ಮಾತ್ರ ಮೂಲನಿವಾಸಿಗಳಿಗೆ ಗೊತ್ತುಮಾಡಿ, ಅದರ ಹೊರಗೆ ಅವರು ನೆಲ ಕೊಳ್ಳಬಾರದೆಂದು ಸರ್ಕಾರವು ವಿಧಿಸಿತು. ನೆಲವಿಲ್ಲದವನಿಗೆ ಪಟ್ಟಣವೇ ಗತಿ. ಮಿಷನ್ ಶಾಲೆಯಲ್ಲಿ ಸ್ವಲ್ಪ ಓದಿ, ಮದುವೆಮನೆಗಳಲ್ಲಿ ಹಾಡಿ ಪಳಗಿದ ಲಿಂಡಾ 1931ರಲ್ಲಿ ಚಿನ್ನದ ಗಣಿಗಳ ನಗರವಾದ ಜೊಹಾನ್ಸ್‌ಬರ್ಗಿಗೆ ಕೂಲಿಗಾಗಿ ಬಂದನು. ಹೊಟ್ಟೆಗಾಗಿ ದುಡಿಯುತ್ತಲೇ ‘ಈವನಿಂಗ್ ಬರ್ಡ್ಸ್’ ಎಂಬ ಗಾಯಕರ ಮೇಳವನ್ನು ನಡೆಸಿದನು. ವಾದ್ಯಗಳ ಆಡಂಬರವಿಲ್ಲದೆ, ಕಂಠಗಳನ್ನೇ ಮಂದ್ರದಿಂದ ತಾರದವರೆಗೆ ಹೊಂದಿಸಿ, ಗೀಟುಗೀಟಿನ ಸೂಟುಗಳನ್ನು ಧರಿಸಿ, ಕೂಲಿಗಾರರ ನಡುವೆ ನಡೆಯುತ್ತಿದ್ದ ಗಾಯನಸ್ಪರ್ಧೆಗಳಲ್ಲಿ ಈ ಮೇಳವು ಹೆಸರು ಗಳಿಸಿತು.

1939ರಲ್ಲಿ ಗ್ಯಾಲೋ ಎಂಬ ಕಂಪೆನಿಯವರು ಈ ಮೇಳದ ಹಾಡುಗಳ ಗ್ರಾಮಫೋನ್ ಪ್ಲೇಟುಗಳನ್ನು ತೆಗೆದರು. ಅವುಗಳಲ್ಲೊಂದು ‘ಎಂಬೂಬೆ’. ಜುಲು ಭಾಷೆಯಲ್ಲಿ ಹಾಗೆಂದರೆ ಸಿಂಹ. ಹಾಡುತ್ತ ಹಾಡುತ್ತ ಕೊನೆಯ ಭಾಗದಲ್ಲಿ ಲಿಂಡಾ ಆಶುವಾಗಿ ಒಂದು ಹೊಸ ಸ್ವರಸರಣಿಯನ್ನು ಎತ್ತಿದನು. ಮುಂದೆ ಪ್ರಪಂಚವನ್ನೆಲ್ಲ ಸುತ್ತಿದ್ದು ಆ ಕೆಲವು ಸ್ವರಗಳೇ. ಹಾಡಿನ ಹಕ್ಕಿಗಾಗಿ ಆತನಿಗೆ ದೊರೆತದ್ದು 10 ಷಿಲಿಂಗು. ಹತ್ತು ವರ್ಷಗಳೊಳಗೆ ಒಂದು ಲಕ್ಷಕ್ಕೂ ಮೀರಿ ಪ್ಲೇಟುಗಳು ಮಾರಿಹೋದವು. ಆ ಬಗೆಯ ಗಾಯನಪದ್ಧತಿಗೇ ‘ಎಂಬೂಬೆ’ ಎಂಬ ಹೆಸರು ನಿಂತಿತು. ಹಾಡನ್ನು ಕಟ್ಟಿದವನು ಮಾತ್ರ ಅದೇ ಕಂಪೆನಿಯಲ್ಲಿ ಪ್ಲೇಟುಗಳನ್ನು ಕಟ್ಟುವ ಕೂಲಿಯಾಗಿದ್ದನು.

ಈ ಪ್ಲೇಟು ಅಲನ್ ಲೋಮಾಕ್ಸ್ ಎಂಬ ಜಾನಪದ ಸಂಗ್ರಾಹಕನ ಮೂಲಕ ಅಮೆರಿಕದ ಗಾಯಕ ಪೀಟ್ ಸೀಗರನ ಕೈಸೇರಿತು. ‘ನೀನು ಸಿಂಹ’ ಎಂಬರ್ಥದ ‘ಉಯಿಂಬೂಬೆ’ ಎಂಬ ಮಾತು ಆತನ ಕಿವಿಗೆ ‘ವಿಮೊವೆ’ ಎಂದು ಕೇಳಿಸಿತು. ಆ ಅರ್ಥವಿಲ್ಲದ ಹೆಸರಿನಿಂದಲೇ 1952ರಲ್ಲಿ ಹಾಡು ಅಮೆರಿಕದಲ್ಲಿ ಜನಪ್ರಿಯವಾಯಿತು. ಕರ್ತೃವಿನ ಸ್ಥಾನದಲ್ಲಿ ಅಚ್ಚಾದುದು ಪಾಲ್ ಕ್ಯಾಂಪ್‌ಬೆಲ್ ಎಂಬ ಹೆಸರು. ಅಂಥ ಮನುಷ್ಯನೇ ಇರಲಿಲ್ಲ, ಅದೊಂದು ಕಲ್ಪಿತನಾಮ. ಸೀಗರನು ಲಿಂಡಾನಿಗೆ 1,000 ಡಾಲರುಗಳನ್ನು ಕಳುಹಿಸಿಕೊಟ್ಟನೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಲೇಬೇಕು. ಆದರೆ ದಾನವು ಹಕ್ಕಿಗೆ ಸಮನಾಗಲಾರದು. 1961ರಲ್ಲಿ ಹಾಡು ಇಂಗ್ಲಿಷ್ ಪದಗಳನ್ನು ತೊಟ್ಟು, ನಿದ್ರಿಸುವ ಸಿಂಹದ ಗೀತವಾಗಿ, ಆ ದೇಶದ ಗೀತಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಮರುವರ್ಷ, 1962ರ ಅಕ್ಟೋಬರಿನಲ್ಲಿ, ಲಿಂಡಾ ಮೂತ್ರಪಿಂಡದ ವ್ಯಾಧಿಯಿಂದ ತೀರಿಕೊಂಡನು. ಆತನ ಬ್ಯಾಂಕಿನ ಲೆಕ್ಕದಲ್ಲಿ 25 ಡಾಲರುಗಳಷ್ಟೂ ಇರಲಿಲ್ಲ. ಸಮಾಧಿಗೊಂದು ಕಲ್ಲು ನಿಲ್ಲಿಸಲು ವಿಧವೆಗೆ 18 ವರ್ಷಗಳು ಹಿಡಿದವು. ಅತ್ತ ಅಸಂಖ್ಯ ಗಾಯಕರು ಆ ಹಾಡನ್ನು ಹಾಡಿ ಹಣ ಗಳಿಸುತ್ತಿದ್ದರು. 1994ರಲ್ಲಿ ಡಿಸ್ನಿ ಕಂಪೆನಿಯ ಪ್ರಖ್ಯಾತವಾದ ಸಿಂಹದ ಚಲಚ್ಚಿತ್ರದಲ್ಲಿಯೂ ಅದು ಸೇರಿತು.

2000ದಲ್ಲಿ ದಕ್ಷಿಣ ಆಫ್ರಿಕದ ಲೇಖಕ ರಿಯಾನ್ ಮಲಾನ್ ಈ ವೃತ್ತಾಂತವನ್ನೆಲ್ಲ ಶೋಧಿಸಿ ಪ್ರಕಟಿಸಿದಾಗ ಲೋಕವು ಎಚ್ಚರಗೊಂಡಿತು. ಕುಟುಂಬದವರು ಹಕ್ಕುಗಳನ್ನೆಲ್ಲ ಬರೆದುಕೊಟ್ಟಿದ್ದರಲ್ಲವೆ ಎಂದು ಪ್ರತಿಪಕ್ಷದವರು ಕೇಳಬಹುದಾಗಿದ್ದಿತು. ಆಗ ಸಹಾಯಕ್ಕೆ ಬಂದುದು ಬ್ರಿಟಿಷ್ ಸಾಮ್ರಾಜ್ಯದ 1911ರ ಗ್ರಂಥಸ್ವಾಮ್ಯದ ಕಾಯಿದೆ. 1914ರ ಶಾಸನದ ಮೂಲಕ ಹಿಂದೂದೇಶಕ್ಕೂ ಅನ್ವಯಿಸಿದ್ದ ಕಾಯಿದೆಯೇ ಅದು. ಕರ್ತೃವು ತನ್ನ ಹಕ್ಕನ್ನು ಪರಭಾರೆ ಮಾಡಿದ್ದರೂ, ಆತನು ಸತ್ತ 25 ವರ್ಷಗಳ ತರುವಾಯ ಅದು ವಾರಸುದಾರರಿಗೆ ಮರಳತಕ್ಕದ್ದೆಂದು ಅದರಲ್ಲಿ ವಿಧಿಯುಂಟು. ಆ ಲೆಕ್ಕದಿಂದ 1987ರಲ್ಲಿಯೇ ಹಾಡು ಮನೆಗೆ ಮರಳಿದ್ದಿತು. ಮನೆಯವರಿಗೆ ತಿಳಿದಿರಲಿಲ್ಲ, ಅಷ್ಟೆ! 2004ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಡಿಸ್ನಿ ಕಂಪೆನಿಯ ಮೇಲೆ ದಾವೆ ಹೂಡಲಾಯಿತು. ಆ ದೇಶದಲ್ಲಿದ್ದ ಅದರ ವ್ಯಾಪಾರಮುದ್ರೆಗಳು ಜಫ್ತಿಯಾದುವು. 2006ರ ಫೆಬ್ರುವರಿಯಲ್ಲಿ ಹಾಡಿನ ಹಕ್ಕನ್ನು ಹೊಂದಿದ್ದ ಅಮೆರಿಕದ ಅಬಿಲೀನ್ ಕಂಪೆನಿಯೊಡನೆ ರಾಜಿಯಾಯಿತು. ಹಿಂದಿನ ಗೌರವಧನದ ಬಾಬ್ತು ಹಣವೂ ಮುಂದಿನ ಪಾಲೂ ವಾರಸುದಾರರಿಗೆ ಒಪ್ಪಿತವಾಗಿ, ಸಹಕರ್ತೃವೆಂದು ಲಿಂಡಾನ ಹೆಸರು ಅಂಗೀಕೃತವಾಯಿತು.

ಜಾನಪದವೆಂದರೆ ಒಡೆಯನಿಲ್ಲದ ಸೊತ್ತೆಂದು ಬಲಿಷ್ಠರು ಹೇಳುತ್ತ ಬಂದಿದ್ದಾರೆ. ಅದು ಸುಳ್ಳು. ಹೆಸರು ಬರೆಯದಿದ್ದ ಮಾತ್ರಕ್ಕೆ ಕಟ್ಟಿದವನು ಇಲ್ಲದಂತಾಗುವುದಿಲ್ಲ. ಹಾಡು ದೇಶದೇಶಗಳಲ್ಲಿ ಸಂಚರಿಸುವುದು ತಪ್ಪೆಂದು ನಾವು ಹೇಳುವವರಲ್ಲ. ಸರಸ್ವತಿಗೆ ಸುಂಕದ ಕಟ್ಟೆಯನ್ನು ಹಾಕುವುದು ಯಾರಿಗೂ ಒಳಿತಲ್ಲ. ಆದರೆ ಹಾಡಿಕೊಳ್ಳುವುದು ಬೇರೆ, ತನ್ನದೆಂದು ದಾಖಲೆ ಬರೆಯಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಮೆಚ್ಚಿಕೆಯಿದೆ, ಎರಡನೆಯದರಲ್ಲಿ ವಂಚನೆಯಿದೆ. ನ್ಯಾಯವು ಲಿಂಡಾನ ಮನೆಯ ಬಾಗಿಲಿಗೆ ಬರುವಾಗ ಆತನು ಸತ್ತು 43 ವರ್ಷಗಳಾಗಿದ್ದವು. ಆತನ ಹೆಂಡತಿಯೂ ಇರಲಿಲ್ಲ. ಆದುದರಿಂದ ಕಾಗದಪತ್ರಗಳನ್ನು ಓದಬಲ್ಲವರೂ ಕಾಯಿದೆಯನ್ನು ಬಲ್ಲವರೂ, ಓದುಬಾರದ ಕಲಾವಿದನು ಹೆಬ್ಬೆಟ್ಟು ಒತ್ತುವ ಮೊದಲೇ ಆತನ ಪಕ್ಕದಲ್ಲಿ ನಿಲ್ಲಬೇಕು. ವಿದ್ಯಾವಂತರ ಕರ್ತವ್ಯವು ಅಲ್ಲಿಂದಲೇ ಪ್ರಾರಂಭವಾಗುತ್ತದೆಂದು ನಾವು ನಂಬಿದ್ದೇವೆ.