ನೂರು ವರ್ಷದ ನಂತರ ಸಿನಿಮಾಕ್ಕೆ ಹಾಡು ಕೊಟ್ಟ ಶರೀಫಜ್ಜ

ಮಸ್ಕತ್‌ನಲ್ಲಿ ನಮಗೆ ಶುಕ್ರವಾರ ರಜೆ. ಹೋದ ತಿಂಗಳು ಅಂಥದೊಂದು ಶುಕ್ರವಾರ ಮನೆಯವರೆಲ್ಲ ಕೂತು ‘ಸಂತ ಶಿಶುನಾಳ ಶರೀಫ’ ಚಿತ್ರ ನೋಡಿದೆವು. 1990ರ ಚಿತ್ರ, ಟಿ.ಎಸ್. ನಾಗಾಭರಣ ಅವರ ನಿರ್ದೇಶನ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ಹೈಸ್ಕೂಲು ಓದುವ ನನ್ನ ಮಗ, ಇಷ್ಟೊಂದು ಹಾಡು ಬರೆದವರಿಗೆ ಎಷ್ಟು ದುಡ್ಡು ಸಿಕ್ಕಿರಬಹುದು ಎಂದು ಕೇಳಿದ. ಲೆಕ್ಕಿಗನ ಮಗನಲ್ಲವೇ! ಸಿನಿಮಾ ಬರುವುದಕ್ಕೆ ನೂರು ವರ್ಷ ಮೊದಲೇ ಅವರು ತೀರಿಕೊಂಡಿದ್ದರು, ವೋಚರ್‌ಗೆ ಸಹಿ ಹಾಕುವುದಕ್ಕೆ ಯಾರೂ ಇರಲಿಲ್ಲ ಎಂದೆ. ಅವನು ನಂಬಲಿಲ್ಲ. ಹಾಡುಗಳು ಆ ಚಿತ್ರಕ್ಕೆಂದೇ ಬರೆದ ಹಾಗಿವೆ ಎಂಬುದು ಅವನ ವಾದ.

ಶರೀಫರು ಹುಟ್ಟಿದ್ದು 1819ರ ಜುಲೈ 3ರಂದು, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಷಾ ವಲಿಯವರ ಕೃಪೆಯಿಂದ ಹುಟ್ಟಿದ ಮಗನೆಂದು ಮನೆಯವರ ನಂಬಿಕೆ. ಆ ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ, ಮಹಾಭಾರತದ ಕಥೆಗಳೂ ಕಿವಿಗೆ ಬೀಳುತ್ತಿದ್ದವು. ಹುಡುಗ ಅಲ್ಲಮನ ಕಥೆಯಾದ ‘ಪ್ರಭುಲಿಂಗಲೀಲೆ’ಯನ್ನೂ ಓದಿಕೊಂಡ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಲಿನ ಹಳ್ಳಿಗಳಲ್ಲಿ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದ. ತಿಂಗಳ ಪಗಾರದ ಆ ಕೆಲಸವನ್ನು ಬಿಟ್ಟೂ ಬಿಟ್ಟ. ಊರು ಬಿಟ್ಟು ಬಂದು ಪಗಾರದ ಮೇಲೆಯೇ ಬದುಕುವ ನಮ್ಮಂಥವರಿಗೆ ಈ ಒಂದು ಸಂಗತಿ ಜೀರ್ಣವಾಗುವುದು ಕಷ್ಟ.

ಬಿಟ್ಟದ್ದು ಗುರುವಿಗಾಗಿ. ಕಳಸದ ಗೋವಿಂದ ಭಟ್ಟರು (ಮಲೆನಾಡಿನ ಕಳಸವಲ್ಲ, ಶಿಶುನಾಳದ ಹತ್ತಿರದ್ದೇ ಹಳ್ಳಿ) ಬ್ರಾಹ್ಮಣರು, ಆದರೆ ಮಡಿ ಮೈಲಿಗೆ ಲೆಕ್ಕಕ್ಕಿಟ್ಟವರಲ್ಲ. ಮುಸಲ್ಮಾನರ ಹುಡುಗನನ್ನು ಶಿಷ್ಯನಾಗಿ ತೆಗೆದುಕೊಂಡು ಜೊತೆಗೆ ಕರೆದುಕೊಂಡು ತಿರುಗಿದರು, ಮನೆಯೊಳಗೆ ಕೂರಿಸಿ ಉಣ್ಣಿಸಿದರು. ಶರೀಫರ ಕೊರಳಿಗೆ ಜನಿವಾರ ಹಾಕಿದರೆಂಬ ಕಥೆಯೂ ನಮ್ಮ ಕಡೆ ಪ್ರಚಲಿತ. ಎರಡೂ ಕಡೆಯವರು ಸಿಟ್ಟಾದರು. ಗುರು ಶಿಷ್ಯ ಇಬ್ಬರೂ ಅದಕ್ಕೆ ಬಗ್ಗಲಿಲ್ಲ.

ಸಂಸಾರದಲ್ಲಿ ಸುಖ ಕಡಿಮೆ. ಫಾತಿಮಾ ಎಂಬವರನ್ನು ಮದುವೆಯಾದರು, ಆ ಮಡದಿಯನ್ನು ಬೇಗನೆ ಕಳೆದುಕೊಂಡರು. ಬಡತನ ಮಾತ್ರ ಕೊನೆಯವರೆಗೂ ಜೊತೆಗಿತ್ತು. ಉಳಿದದ್ದು ಪದಗಳು. ಕಂಡದ್ದರ ಮೇಲೆಲ್ಲ ಪದ ಕಟ್ಟಿದರು: ಸೋರುವ ಮನೆ, ಸೇದುವ ಗುಡುಗುಡಿ, ಮೀಟುವ ತಂಬೂರಿ, ಹೊಸದಾಗಿ ಬಂದ ಹತ್ತಿ ಗಿರಣಿ. ಕೊನೆಯಲ್ಲಿ ಊರ ದೇವರಾದ ಶಿಶುನಾಳಧೀಶನ ಅಂಕಿತ. ಪುಸ್ತಕ ಮಾಡಬೇಕೆಂದು ಅವರು ಹಾಡಲಿಲ್ಲ. ಕೇಳಿದವರು ಬಾಯಿಪಾಠ ಮಾಡಿಕೊಂಡರು, ಭಜನಾ ಮೇಳದವರು ಊರಿಂದೂರಿಗೆ ಒಯ್ದರು. ನೂರು ವರ್ಷ ಆ ಪದಗಳನ್ನು ಕಾಪಾಡಿದ್ದು ಹೊಲದಲ್ಲಿ ದುಡಿದು ರಾತ್ರಿ ಗುಡಿಯಲ್ಲಿ ತಾಳ ಹಿಡಿದು ಕೂರುತ್ತಿದ್ದ ಜನ.

ಬೆಂಗಳೂರಿನ ಕಡೆಗೆ ಅವು ಹೊಸ ಧಾಟಿಯಲ್ಲಿ ಬಂದದ್ದು ಸಿ. ಅಶ್ವತ್ಥ್ ಅವರಿಂದ. ಶರೀಫರ ಪದಗಳ ರುಚಿಯನ್ನು ಅವರಿಗೆ ಹತ್ತಿಸಿದವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಅಶ್ವತ್ಥ್ ರಾಗ ಹಾಕಿದರು, ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು, ಕ್ಯಾಸೆಟ್ಟು ಮನೆಮನೆಗೆ ಹೋಯಿತು. ಆಮೇಲೆ ಬಂದದ್ದು ಸಿನಿಮಾ. ಸಾಮಾನ್ಯವಾಗಿ ಕಥೆ ಮೊದಲು, ಹಾಡು ಆಮೇಲೆ. ಇಲ್ಲಿ ಹಾಡು ಮೊದಲೇ ಇತ್ತು. ಅದಕ್ಕೆ ತಕ್ಕ ಸನ್ನಿವೇಶ ಹುಡುಕಬೇಕಿತ್ತು. ಶರೀಫರ ಬಗ್ಗೆ ಕಾಗದದಲ್ಲಿ ಸಿಗುವುದು ಸ್ವಲ್ಪವೇ ಆದ್ದರಿಂದ ಪದಗಳೇ ಅವರ ಜೀವನದ ದಾಖಲೆಯೂ ಆಗಬೇಕಾಯಿತು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಚಿತ್ರಕ್ಕೆ ಬಂತು.

ನನ್ನದೊಂದು ತಕರಾರಿದೆ. ಹಾಡಿಗೆ ದೃಶ್ಯ ಕೂಡಿದ ಕೂಡಲೇ ಅರ್ಥ ಅಲ್ಲಿಗೇ ನಿಂತುಬಿಡುವ ಅಪಾಯವಿದೆ. ಸೋರುವ ಮನೆಯ ಪದ ಕೇಳಿ ನನ್ನ ಮಗ ಪಾಪ, ಬಡವರ ಮನೆ ಎಂದ. ಅವನ ತಪ್ಪಲ್ಲ. ನಾನೂ ಬಹಳ ವರ್ಷ ಹಾಗೆಯೇ ಕೇಳಿದ್ದೆ. ಹುಬ್ಬಳ್ಳಿಯಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯ ಟೆರೇಸು ಪ್ರತಿ ಮಳೆಗಾಲ ಸೋರುತ್ತದೆ, ತಮ್ಮ ಫೋನು ಮಾಡುತ್ತಾನೆ, ನಾನು ದುಡ್ಡು ಕಳಿಸುತ್ತೇನೆ, ಆ ಪದ ನೆನಪಿಸಿಕೊಂಡು ಇಬ್ಬರೂ ನಗುತ್ತೇವೆ. ಮೂರು ವರ್ಷದ ಹಿಂದೆ ಜೂನ್‌ನಲ್ಲಿ ಹೀಗೇ ದುಡ್ಡು ಕಳಿಸಿ ರಜೆಗೆ ಹೋದೆ. ಟೆರೇಸು ಒಣಗಿತ್ತು. ಅಪ್ಪ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಅದನ್ನು ಫೋನಿನಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಶರೀಫರು ಮನೆ ಎಂದದ್ದು ಈ ದೇಹವನ್ನು ಎಂದು ಅವ್ವ ಎಷ್ಟೋ ಸಲ ಹೇಳಿದ್ದಳು.

ಅವ್ವನಿಗೆ ಅಶ್ವತ್ಥ್ ಧಾಟಿ ಅಷ್ಟಾಗಿ ಒಗ್ಗದು. ಏಕತಾರಿಯ ಮೇಲೆ ನಿಧಾನಕ್ಕೆ ಹಾಡುವುದನ್ನು ಕೇಳಿ ಬೆಳೆದವಳು. ಆದರೆ ಆ ಸಿನಿಮಾ, ಆ ಕ್ಯಾಸೆಟ್ಟು ಇಲ್ಲದಿದ್ದರೆ ಒಮಾನಿನ ಒಂದು ಫ್ಲ್ಯಾಟಿನಲ್ಲಿ ನನ್ನ ಮಗ ಶರೀಫರ ಹೆಸರು ಕೇಳುತ್ತಲೇ ಇರಲಿಲ್ಲ. ಇದನ್ನು ಅವಳೂ ಒಪ್ಪುತ್ತಾಳೆ.

ಶರೀಫರು ತೀರಿಕೊಂಡದ್ದು 1889ರ ಜುಲೈ 3ರಂದು, ಹುಟ್ಟಿದ ದಿನವೇ, 70 ವರ್ಷ ತುಂಬಿದಾಗ. ಹಿಂದೂ, ಮುಸ್ಲಿಂ ಎರಡೂ ಪದ್ಧತಿಯಲ್ಲಿ ಅವರ ಅಂತ್ಯವಿಧಿ ನಡೆಯಿತು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ. ಹುಬ್ಬಳ್ಳಿಯಿಂದ ದೂರವೇನಿಲ್ಲ. ಈ ಸಲ ರಜೆಗೆ ಹೋದಾಗ ಮಗನನ್ನು ಕರೆದುಕೊಂಡು ಹೋಗಬೇಕು. ಅಪ್ಪನಿಗೆ ಕಾರು ಹತ್ತಲು ಆದರೆ ಅವರನ್ನೂ.