ಮೋರಿಸ್ ಟ್ರಾವರ್ಸ್

ಮೋರಿಸ್ ವಿಲಿಯಂ ಟ್ರಾವರ್ಸ್ (24 ಜನವರಿ 1872 – 25 ಆಗಸ್ಟ್ 1961) ಇಂಗ್ಲೆಂಡಿನ ರಸಾಯನವಿಜ್ಞಾನಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು. ವಿಲಿಯಂ ರಾಮ್ಸೆ ಅವರೊಂದಿಗೆ 1898ರಲ್ಲಿ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್ ಎಂಬ ಮೂರು ಧಾತುಗಳನ್ನು ಕಂಡುಹಿಡಿದರು. ಆವರ್ತ ಕೋಷ್ಟಕದ ಬಲತುದಿಯಲ್ಲಿರುವ 18ನೆಯ ಗುಂಪು ರೂಪುಗೊಂಡದ್ದು ಬಹುಮಟ್ಟಿಗೆ ಈ ಶೋಧಗಳಿಂದ.

ಆರಂಭಿಕ ಜೀವನ

ಟ್ರಾವರ್ಸ್ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ವೈದ್ಯರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಕೆಲಕಾಲ ಫ್ರಾನ್ಸಿನ ನ್ಯಾನ್ಸಿಯಲ್ಲಿ ಕಲಿತು, 1894ರಲ್ಲಿ ಅದೇ ಕಾಲೇಜಿಗೆ ಪ್ರಯೋಗ ಸಹಾಯಕರಾಗಿ ಮರಳಿದರು. ಅಲ್ಲಿ ರಾಮ್ಸೆ ಪ್ರಾಧ್ಯಾಪಕರಾಗಿದ್ದರು.

ಕೋಷ್ಟಕದ ಖಾಲಿ ಸ್ಥಾನ

ಮೆಂಡಲೀವ್ 1869ರಲ್ಲಿ ರಚಿಸಿದ ಕೋಷ್ಟಕದಲ್ಲಿ ಧಾತುಗಳು ಪರಮಾಣು ತೂಕದ ಕ್ರಮದಲ್ಲಿದ್ದವು. 1894ರಲ್ಲಿ ರ‍್ಯಾಲಿ ಮತ್ತು ರಾಮ್ಸೆ ಗಾಳಿಯಲ್ಲಿ ಕಂಡುಹಿಡಿದ ಆರ್ಗಾನ್‌ಗೆ ಅದರಲ್ಲಿ ಸ್ಥಳವೇ ಇರಲಿಲ್ಲ. ಯಾವ ವಸ್ತುವಿನೊಡನೆಯೂ ಸಂಯೋಗ ಹೊಂದದ ಈ ಅನಿಲವನ್ನು ಹೊಸ ಧಾತುವೆಂದು ಒಪ್ಪಲು ಮೆಂಡಲೀವ್ ಅವರೇ ಆರಂಭದಲ್ಲಿ ಹಿಂಜರಿದರು. ಮರುವರ್ಷ ರಾಮ್ಸೆ ಯುರೇನಿಯಂ ಖನಿಜವೊಂದರಿಂದ ಹೀಲಿಯಂ ಪಡೆದರು. ಹೀಲಿಯಂನ ತೂಕ 4, ಆರ್ಗಾನ್‌ನದು ಸುಮಾರು 40. ಇವೆರಡೂ ಒಂದೇ ಕಂಬಸಾಲಿನವಾದರೆ, ಫ್ಲೋರಿನ್ ಮತ್ತು ಸೋಡಿಯಂಗಳ ನಡುವೆ ಸುಮಾರು 20 ತೂಕದ ಮತ್ತೊಂದು ಅನಿಲ ಇರಲೇಬೇಕಿತ್ತು. ಅದಕ್ಕಾಗಿ ರಾಮ್ಸೆ ಮತ್ತು ಟ್ರಾವರ್ಸ್ ಅನೇಕ ಖನಿಜಗಳನ್ನೂ ಉಲ್ಕಾಶಿಲೆಗಳನ್ನೂ ಕಾಯಿಸಿ ನೋಡಿದರು, ಫಲ ಸಿಗಲಿಲ್ಲ.

1898ರ ಶೋಧಗಳು

ವಿಲಿಯಂ ಹ್ಯಾಂಪ್ಸನ್ ರೂಪಿಸಿದ ಯಂತ್ರದಿಂದ ದ್ರವ ಗಾಳಿ ದೊರೆಯತೊಡಗಿದ ಮೇಲೆ ಹುಡುಕಾಟದ ದಾರಿ ಬದಲಾಯಿತು. ಪ್ರತಿ ಅನಿಲಕ್ಕೂ ತನ್ನದೇ ಕುದಿಬಿಂದುವಿರುವುದರಿಂದ, ದ್ರವ ಗಾಳಿಯನ್ನು ನಿಧಾನವಾಗಿ ಆವಿಯಾಗಲು ಬಿಟ್ಟರೆ ಅದರ ಘಟಕಗಳು ಒಂದೊಂದಾಗಿ ಬೇರೆಯಾಗುತ್ತವೆ. ಮೇ 30ರಂದು, ಬಹುಪಾಲು ಆವಿಯಾದ ಬಳಿಕ ಉಳಿದ ಶೇಷದಿಂದ ಆಕ್ಸಿಜನ್ ಮತ್ತು ನೈಟ್ರೋಜನ್‌ಗಳನ್ನು ತೆಗೆದು, ರೋಹಿತದರ್ಶಕದಲ್ಲಿ ಪರೀಕ್ಷಿಸಿದಾಗ ಯಾವ ತಿಳಿದ ಧಾತುವಿಗೂ ಸೇರದ ಹಳದಿ ಮತ್ತು ಹಸಿರು ರೇಖೆಗಳು ಕಂಡವು. ರಾತ್ರಿ ಬಹುಹೊತ್ತಿನವರೆಗೆ ಅನಿಲದ ಸಾಂದ್ರತೆ ಅಳೆಯುವುದರಲ್ಲಿ ಮುಳುಗಿದ್ದ ಇಬ್ಬರಿಗೂ, ಮರುದಿನ ಟ್ರಾವರ್ಸ್ ಅವರಿಗೆ ಡಿ.ಎಸ್ಸಿ. ಪದವಿಯ ಪರೀಕ್ಷೆಯಿದೆ ಎಂಬುದೇ ಮರೆತಂತಾಗಿತ್ತು.

ಇದಕ್ಕೆ 'ಅಡಗಿದ್ದು' ಎಂಬ ಅರ್ಥದಲ್ಲಿ ಕ್ರಿಪ್ಟಾನ್ ಎಂಬ ಹೆಸರಾಯಿತು. ಆದರೆ ಇದು ಆರ್ಗಾನ್‌ಗಿಂತ ಭಾರವಾದ ಅನಿಲ. ಅವರು ಹುಡುಕುತ್ತಿದ್ದುದು ಹಗುರವಾದುದನ್ನು. ಜೂನ್‌ನಲ್ಲಿ ಆರ್ಗಾನ್‌ನ ಬೇಗ ಆವಿಯಾಗುವ ಭಾಗವನ್ನು ಪರೀಕ್ಷಿಸಿದಾಗ ನಳಿಕೆ ಕಡುಗೆಂಪಾಗಿ ಬೆಳಗಿತು. ಅದೇ ನಿಯಾನ್, ಅಂದರೆ 'ಹೊಸದು'. ಜುಲೈನಲ್ಲಿ ಕ್ರಿಪ್ಟಾನ್‌ನ ಶೇಷದಿಂದ ಕ್ಸೆನಾನ್, ಅಂದರೆ 'ಅಪರಿಚಿತ', ದೊರೆಯಿತು. ಒಂದು ಕೋಟಿ ಭಾಗ ಗಾಳಿಯಲ್ಲಿ ಕ್ಸೆನಾನ್ ಒಂದು ಭಾಗವೂ ಇಲ್ಲ ಎಂಬುದನ್ನು ನೆನೆದರೆ ಈ ಕೆಲಸದ ಸೂಕ್ಷ್ಮತೆ ಅರಿವಾಗುತ್ತದೆ. ನಿಯಾನ್‌ನೊಂದಿಗೆ ಬೆರೆತಿದ್ದ ಹೀಲಿಯಂ ಅನ್ನು ಬೇರ್ಪಡಿಸಲು ಬೇಕಾದ ಹೈಡ್ರೋಜನ್ ದ್ರವೀಕರಣ ಯಂತ್ರವನ್ನು ಟ್ರಾವರ್ಸ್ 1900ರಲ್ಲಿ ತಾವೇ ನಿರ್ಮಿಸಿದರು.

1904ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ರಾಮ್ಸೆ ಒಬ್ಬರಿಗೇ ಸಂದಿತು. ಟ್ರಾವರ್ಸ್ ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು. ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕ ಹುದ್ದೆಯೂ ದೊರೆಯಿತು.

ಪರಮಾಣು ರಚನೆಯಲ್ಲಿ ಈ ಅನಿಲಗಳ ಸ್ಥಾನ

ಈ ಅನಿಲಗಳು ಏಕೆ ಜಡವಾಗಿವೆ ಎಂಬುದಕ್ಕೆ ಶೋಧನೆಯ ಕಾಲದಲ್ಲಿ ಉತ್ತರವಿರಲಿಲ್ಲ. ಪರಮಾಣುವಿನ ನಡುವೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಬೀಜಕೇಂದ್ರ, ಸುತ್ತಲೂ ಕವಚಗಳಲ್ಲಿ ಇಲೆಕ್ಟ್ರಾನ್‌ಗಳು ಇರುತ್ತವೆ ಎಂಬ ಚಿತ್ರ ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ಹೊರಕವಚದಲ್ಲಿ ಹೀಲಿಯಂಗೆ 2, ಉಳಿದವುಗಳಿಗೆ 8 ಇಲೆಕ್ಟ್ರಾನ್‌ಗಳಿವೆ. ಈ ಸ್ಥಿರ ಜೋಡಣೆಯಿಂದಾಗಿ ಅವು ಇಲೆಕ್ಟ್ರಾನ್‌ಗಳನ್ನು ಸುಲಭವಾಗಿ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ.

ಇನ್ನೊಂದು ತೊಡಕೂ ಹೀಗೆಯೇ ಬಗೆಹರಿಯಿತು. ಆರ್ಗಾನ್ ಪೊಟ್ಯಾಸಿಯಂಗಿಂತ ಭಾರವಾಗಿದ್ದರೂ ಕೋಷ್ಟಕದಲ್ಲಿ ಅದರ ಹಿಂದೆ ನಿಲ್ಲಬೇಕಿತ್ತು. ಕೋಷ್ಟಕದ ನಿಜವಾದ ಆಧಾರ ತೂಕವಲ್ಲ, ಪರಮಾಣು ಸಂಖ್ಯೆ ಎಂದು 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳಿಂದ ತೋರಿಸಿದರು. ಆರ್ಗಾನ್‌ನಲ್ಲಿ 18, ಪೊಟ್ಯಾಸಿಯಂನಲ್ಲಿ 19 ಪ್ರೋಟಾನ್‌ಗಳಿವೆ. ಆರ್ಗಾನ್‌ನ ಹೆಚ್ಚಿನ ತೂಕ ನ್ಯೂಟ್ರಾನ್‌ಗಳದ್ದು.

ಬೆಂಗಳೂರಿನಲ್ಲಿ

ಜೆಮ್‌ಶೆಟ್‌ಜಿ ಟಾಟಾ ಯೋಜಿಸಿದ್ದ ಸಂಶೋಧನಾ ಸಂಸ್ಥೆಗೆ ಬೆಂಗಳೂರು ಸೂಕ್ತವೆಂದು 1900ರಲ್ಲಿ ಭಾರತಕ್ಕೆ ಬಂದಿದ್ದ ರಾಮ್ಸೆ ಶಿಫಾರಸು ಮಾಡಿದ್ದರು. 1906ರ ಕೊನೆಯಲ್ಲಿ ಟ್ರಾವರ್ಸ್ ಅದರ ನಿರ್ದೇಶಕರಾಗಿ ನೇಮಕಗೊಂಡರು. ಆಗ ಸಂಸ್ಥೆಗೆ ಕಟ್ಟಡವಾಗಲಿ ವಿದ್ಯಾರ್ಥಿಗಳಾಗಲಿ ಇರಲಿಲ್ಲ. ಮೈಸೂರು ಸರ್ಕಾರ ಸುಮಾರು 371 ಎಕರೆ ಭೂಮಿ ನೀಡಿತು. 1909ರಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು; 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ನೆರವೇರಿಸಿದರು. ಅದೇ ವರ್ಷ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ ವಿಭಾಗಗಳಿಗೆ ವಿದ್ಯಾರ್ಥಿಗಳು ಸೇರಿದರು.

ಸಂಸ್ಥೆಯ ಸ್ವರೂಪ, ವೆಚ್ಚ ಮತ್ತು ಆಡಳಿತದ ವಿಷಯದಲ್ಲಿ ಟಾಟಾ ಪಕ್ಷದವರೊಂದಿಗೆ ಅವರ ಭಿನ್ನಾಭಿಪ್ರಾಯ ಬೆಳೆಯಿತು. ಟಾಟಾ ಅವರ ಆಪ್ತ ಬುರ್ಜೋರ್ಜಿ ಪಾದಷಾ ಮಾನವಿಕ ವಿಷಯಗಳಿಗೂ ಸ್ಥಾನ ಬಯಸಿದ್ದರೆ, ಟ್ರಾವರ್ಸ್ ಅವರ ಒಲವು ಪ್ರಾಯೋಗಿಕ ವಿಜ್ಞಾನದತ್ತ ಇತ್ತು. ಕೊನೆಗೆ 1914ರಲ್ಲಿ ಅವರು ಹುದ್ದೆ ತೊರೆದು ಇಂಗ್ಲೆಂಡಿಗೆ ಮರಳಿದರು. ಆಲ್ಫ್ರೆಡ್ ಬೋರ್ನ್ ಅವರ ಉತ್ತರಾಧಿಕಾರಿಯಾದರು.

ನಂತರದ ವರ್ಷಗಳು

ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರಾವರ್ಸ್ ಪ್ರಯೋಗಾಲಯದ ಗಾಜಿನ ತಯಾರಿಕೆಯನ್ನು ನಿರ್ವಹಿಸಿದರು. ಆಮೇಲೆ ಕುಲುಮೆ ಹಾಗೂ ಇಂಧನ ತಂತ್ರಜ್ಞಾನದಲ್ಲಿ ತೊಡಗಿದರು. 1927ರಲ್ಲಿ ಬ್ರಿಸ್ಟಲ್‌ಗೆ ಹಿಂದಿರುಗಿದರು. 1936ರಿಂದ 1938ರವರೆಗೆ ಫ್ಯಾರಡೆ ಸೊಸೈಟಿಯ ಅಧ್ಯಕ್ಷರಾಗಿದ್ದರು. ವಿರಳ ಅನಿಲಗಳ ಶೋಧನೆಯ ಕುರಿತ ಅವರ ಗ್ರಂಥ 1928ರಲ್ಲಿ, ಗುರು ರಾಮ್ಸೆ ಅವರ ಜೀವನಚರಿತ್ರೆ 1956ರಲ್ಲಿ ಪ್ರಕಟವಾಯಿತು. 1961ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್‌ನಲ್ಲಿ ನಿಧನರಾದರು.