ಯೀಸ್ಟ್ ಮತ್ತು ರಕ್ತಕಣಗಳ ಕಾದಾಟ ಕಂಡ ಮೆಚ್ನಿಕಾಫ್

ನಾನು ಕಾಮರ್ಸ್ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಜೀವಕೋಶದ ಬಗ್ಗೆ ಏನೂ ಓದಿರಲಿಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆಯಿರುವ ನಮ್ಮ ದಾದಿಮಾ (ಅಪ್ಪನ ತಾಯಿ) ಬಾಯಲ್ಲಿ ಬಿಳಿ ಪದರ ಕಟ್ಟಿ, ಗಂಜಿ ನುಂಗುವುದೂ ಕಷ್ಟವಾಯಿತು. ಡಾಕ್ಟರು ಇದು ಕ್ಯಾಂಡಿಡಾ ಎಂಬ ಯೀಸ್ಟ್ ಎಂದರು. ನಮ್ಮ ಮನೆಯಲ್ಲಿ ಯೀಸ್ಟ್‌ಗೆ ಖಮೀರ್ ಅನ್ನುತ್ತೇವೆ. ನಾನ್ ಹಿಟ್ಟು ಉಬ್ಬಿಸುವ ಖಮೀರಿನ ಬಳಗದ ಜೀವಿಯೊಂದು ಮನುಷ್ಯನನ್ನು ಹೀಗೂ ಕಾಡುತ್ತದೆಯೇ ಎಂದು ಹುಡುಕಿದಾಗ ಸಿಕ್ಕವರು ವಿಜ್ಞಾನಿ ಇಲ್ಯಾ ಮೆಚ್ನಿಕಾಫ್.

ಅವರು ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪ. 1873ರಲ್ಲಿ ಮೊದಲ ಹೆಂಡತಿ ಕ್ಷಯದಿಂದ ತೀರಿಕೊಂಡಾಗ ಬದುಕೇ ಬೇಡವೆನ್ನುವಷ್ಟು ಕುಗ್ಗಿದ್ದರು. ಆದರೂ ಸಂಶೋಧನೆಗೆ ಮರಳಿದರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಅದರ ದೇಹದ ಕೋಶಗಳು ಮುತ್ತಿಕೊಂಡಿದ್ದವು. ದೇಹದ ಕೋಶಗಳೇ ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆ ಎಂಬ ಅವರ ಯೋಚನೆ ಗಟ್ಟಿಯಾಯಿತು.

ಆದರೆ ಮುಳ್ಳು ರೋಗವಲ್ಲವಲ್ಲ! ನಿಜವಾದ ರೋಗದಲ್ಲಿ ಇದನ್ನು ತೋರಿಸಲು ಅವರಿಗೆ ನೆರವಾದದ್ದು ನೀರಿನ ಚಿಗಟ. ಅದರ ಮೈ ಪಾರದರ್ಶಕ. ಒಂದು ಜಾತಿಯ ಯೀಸ್ಟಿನ ಸೂಜಿಯಂಥ ಬೀಜಕಣಗಳು ಅದರ ಕರುಳನ್ನು ಚುಚ್ಚಿ ಒಳಗೆ ಬರುತ್ತಿದ್ದವು. ರಕ್ತಕಣಗಳು ಅವನ್ನು ಸುತ್ತುವರಿದು ನಾಶಮಾಡಿದರೆ ಚಿಗಟ ಉಳಿಯುತ್ತಿತ್ತು. ಯೀಸ್ಟ್ ಬೆಳೆದು ಹೆಚ್ಚಿದರೆ ಸಾಯುತ್ತಿತ್ತು. ಇದನ್ನು ಅವರು 1884ರಲ್ಲಿ ಪ್ರಕಟಿಸಿದರು.

ಅನೇಕರು ಒಪ್ಪಲಿಲ್ಲ. ರೋಗಾಣುವನ್ನು ಕೊಲ್ಲುವುದು ಕಣಗಳಲ್ಲ, ರಕ್ತದ ದ್ರವ ಎಂದು ವಾದಿಸಿದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ ಮೆಚ್ನಿಕಾಫ್ ಅಲ್ಲಿಯೇ ದುಡಿದರು. ಕೊನೆಗೆ 1908ರ ನೊಬೆಲ್ ಪ್ರಶಸ್ತಿ ಅವರಿಗೂ, ರಕ್ತದ ದ್ರವದ ಬಗ್ಗೆ ಕೆಲಸ ಮಾಡಿದ್ದ ಪಾಲ್ ಎರ್ಲಿಕ್‌ಗೂ ಹಂಚಿಕೆಯಾಯಿತು. ಎರಡೂ ಕಡೆ ಸತ್ಯವಿತ್ತು. ಅವರು 1916ರಲ್ಲಿ ತೀರಿಕೊಂಡರು.

ನುಂಗಿಸಿಕೊಂಡ ಯೀಸ್ಟ್ ಹೇಗೆ ಉಳಿಯುತ್ತದೆ ಎಂಬುದನ್ನು ನಂತರದ ವಿಜ್ಞಾನಿಗಳು ಕಂಡುಕೊಂಡರು. ನಮ್ಮ ಬಿಳಿ ರಕ್ತಕಣ ಕ್ಯಾಂಡಿಡಾವನ್ನು ನುಂಗಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ರಾಸಾಯನಿಕಗಳಿಂದ ಸುಡುತ್ತದೆ. ಕ್ಯಾಂಡಿಡಾ ಕ್ಯಾಟಲೇಸ್ ಎಂಬ ಕಿಣ್ವದಿಂದ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆ ಕೂಡಿಟ್ಟು ತನ್ನ ಪ್ರೋಟೀನುಗಳನ್ನು ಕಾಪಾಡಿಕೊಳ್ಳುತ್ತದೆ. ಕೆಲವೊಮ್ಮೆ ಉದ್ದನೆಯ ಎಳೆಯಾಗಿ ಬೆಳೆದು ರಕ್ತಕಣವನ್ನೇ ಸೀಳಿ ಹೊರಬರುತ್ತದೆ.

ಎರಡು ದಿನಕ್ಕೆ ಉರಿ ಕಡಿಮೆಯಾದಾಗ ದಾದಿಮಾ ಔಷಧಿ ಸಾಕು ಎಂದರು. ನಾನು ನೀರಿನ ಚಿಗಟದ ಕತೆ ಹೇಳಿ, ಡಾಕ್ಟರು ಹೇಳಿದಷ್ಟು ದಿನವೂ ಕೊಟ್ಟೆ. ಈಗ ಅವರು ರೊಟ್ಟಿ ತಿನ್ನುತ್ತಾರೆ.